ಓದಿದ ತಪ್ಪಿಗೆ

ಬೆಳಿಗ್ಗೆ ಚಹಾದ ಜೊತೆ ಒಂದಿಷ್ಟು ಖಾರ ಬೇಕೆನಿಸಿ ಕಪಾಟು ತಡಕಾಡುತ್ತಿದ್ದೆ. ಕೈಗೆ ಸಿಕ್ಕಿದ್ದು ಖಾರದ ಡಬ್ಬಿಯಲ್ಲ, ಕಂಪ್ಯೂಟರನ್ನು ಟಿವಿಗೆ ಜೋಡಿಸುವ ಕೇಬಲೊಂದು. ನೋಡಿದ್ದೇ ತಡ, ಮೈ ಉರಿಯಿತು. ಕೇಬಲಿನ ಮೇಲೆ ಇಷ್ಟು ಸಿಟ್ಟೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ನಗಿ.

ನಾನು ಸವಣೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಬಿಡುವಿದ್ದಾಗ ಮುಕ್ತ ತಂತ್ರಾಂಶ ಬರೆಯುವ ಚಟ. ನಾವು ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಮ್ಮ ಬಳಗದಲ್ಲಿ ಇದನ್ನೂ ಒಂದು ಕೆಲಸವೆಂದು ಒಪ್ಪಿದವಳು ಅಕ್ಕ ಒಬ್ಬಳೇ. ಮಾಸೂರಿನಲ್ಲಿರುತ್ತಾಳೆ, ಗಣಿತದ ಟೀಚರ್ ಆಗಿ ನಿವೃತ್ತಳಾದವಳು, ಓದದೆ ಒಂದು ದಿನ ಇರಲಾರದವಳು. ಎರಡು ವರ್ಷದ ಹಿಂದೆ ಅವಳ ಕಣ್ಣು ಮಂದವಾಗತೊಡಗಿತು. ದೊಡ್ಡ ಟಿವಿ ತರಿಸಿ, ಅದಕ್ಕೆ ನಾನೇ ಕಂಪ್ಯೂಟರ್ ಜೋಡಿಸಿಕೊಟ್ಟೆ. ಅಕ್ಷರಗಳೇನೋ ಅಂಗೈಯಗಲ ಬಂದವು.

"ತಮ್ಮಾ, ಅಕ್ಷರ ಕುಣ್ಯಾಕತ್ತಾವ. ಎರಡು ಸಾಲು ಓದೂದ್ರಾಗ ತಲಿ ನೋಯ್ತದ," ಎಂದಳು.

ಟಿವಿಯೂ ಸರಿಯಿತ್ತು, ಕಂಪ್ಯೂಟರೂ ಸರಿಯಿತ್ತು. ಎರಡರ ನಡುವಿನ ಕೇಬಲಿಗೆ ಚಿತ್ರ ಕಳಿಸುವ ಸರಿಯಾದ ರೀತಿ ನಮ್ಮ ಮುಕ್ತ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಆ ಕೇಬಲಿನಲ್ಲಿ ಚಿತ್ರ ಹೇಗೆ ಹರಿಯಬೇಕೆಂಬ ನಿಯಮಗಳನ್ನು ದೊಡ್ಡ ಕಂಪನಿಗಳ ಕೂಟವೊಂದು ಪುಸ್ತಕ ಮಾಡಿ ಬೀಗ ಹಾಕಿಟ್ಟಿದೆ. ಅದನ್ನು ಓದಲು ಕೊಡಿ ಎಂದು ಬರೆದೆ. ನಿಮ್ಮ ಕಂಪನಿ ಯಾವುದು ಎಂದರು. ಕಂಪನಿ ಇಲ್ಲ ಎಂದೆ. ದಯವಿಟ್ಟು ಕಂಪನಿಯ ಹೆಸರು ತುಂಬಿ ಎಂದು ಉತ್ತರ ಬಂತು. ನಮ್ಮೂರ ಎಲೆತೋಟಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟರಾಯಿತು, ಒಳಗೆ ಕರೆದು ಬಳ್ಳಿ ಕಟ್ಟುವ ರೀತಿಯನ್ನೂ ತೋರಿಸುತ್ತಾರೆ. ಕಂಡದ್ದನ್ನು ಯಾರಿಗೂ ಹೇಳಬೇಡಿ ಎಂದು ಸಹಿ ಹಾಕಿಸಿಕೊಂಡ ತೋಟದವರನ್ನು ನಾನಂತೂ ಕಂಡಿಲ್ಲ.

ಇಲ್ಲಿಯವರೆಗಿನ ತಪ್ಪು ಅವರದು, ಮುಂದಿನದು ನನ್ನದು. ಅಂಕಿಗಳನ್ನು ಬದಲಿಸಿ ಬದಲಿಸಿ ನೋಡುತ್ತ, ಬರೀ ಊಹೆಯಿಂದಲೇ ಅರ್ಧ ಪ್ರೋಗ್ರಾಮ್ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಹಾಗೇ ಮುಂದುವರಿಯಬಹುದಿತ್ತು. ತಾಳ್ಮೆ ಸಾಲಲಿಲ್ಲ. ಗೆಳೆಯನ ಕಂಪನಿ ಆ ಕೂಟದ ಸದಸ್ಯ ಎಂದು ತಿಳಿದು, ಅವರ ಸಲಹೆಗಾರನೆಂದು ಹೆಸರು ಹಚ್ಚಿಸಿಕೊಂಡು, ಗುಟ್ಟು ಬಿಡುವುದಿಲ್ಲವೆಂಬ ಕಾಗದಕ್ಕೆ ಸಹಿ ಹಾಕಿ ಪುಸ್ತಕ ಓದಿದೆ. ನನ್ನ ಊಹೆ ಎಲ್ಲಿ ತಪ್ಪಿತ್ತೆಂದು ಅರ್ಧ ಗಂಟೆಯಲ್ಲಿ ಸಿಕ್ಕಿತು. ಕುಣಿಯುತ್ತ, ನನ್ನೊಡನೆ ತಂತ್ರಾಂಶ ಬರೆಯುವ ಜೊತೆಗಾರರಿಗೆ ಪುಸ್ತಕ ಓದಿದೆನೆಂದು ತಿಳಿಸಿದೆ. ಗುಟ್ಟಿನ ಪುಸ್ತಕ ಓದಿದವನು ಇನ್ನು ಈ ಪ್ರೋಗ್ರಾಮ್ ಮುಟ್ಟುವಂತಿಲ್ಲ, ಸುಳಿವನ್ನೂ ಕೊಡುವಂತಿಲ್ಲ, ಕೊಟ್ಟರೆ ಎಲ್ಲರ ದುಡಿಮೆಯೂ ಕದ್ದ ಮಾಲಾಗುತ್ತದೆ ಎಂದರು. ಅದು ನನಗೆ ಗೊತ್ತಿಲ್ಲದ ನಿಯಮವೇನಲ್ಲ. ಅವಸರದಲ್ಲಿ ಮರೆತೆ ಎಂದು ಹೇಳಿಕೊಳ್ಳುತ್ತೇನೆ, ನೀವು ನಂಬಬೇಕೆಂದಿಲ್ಲ.

ಅಕ್ಕ ಬಯ್ಯಲಿಲ್ಲ. "ನಾ ಏನ್ ಆ ಪುಸ್ತಕಾ ಓದೇನೇನು? ಹಂಗಾರ ನಾ ಮಾಡ್ತೇನಿ," ಎಂದಳು. ಸುಮ್ಮನೆ ಅಂದಳೆಂದುಕೊಂಡಿದ್ದೆ.

ಇವತ್ತು ಆ ಸಿಟ್ಟಿನಲ್ಲೇ ಬಸ್ ಹತ್ತಿ ಮಾಸೂರಿಗೆ ಬಂದೆ. ಅಕ್ಕ ಟಿವಿಗೆ ಮೂಗು ತಾಗಿಸಿ ಕೂತಿದ್ದಾಳೆ. ನನ್ನ ಅದೇ ಅರ್ಧ ಪ್ರೋಗ್ರಾಮಿನ ಅಂಕಿಗಳನ್ನು ಒಂದೊಂದಾಗಿ ಬದಲಿಸಿ, ಅಕ್ಷರ ಏನಾಯಿತೆಂದು ದಪ್ಪಕ್ಷರದಲ್ಲಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ವಹಿ ಮುಗಿಯುತ್ತ ಬಂದಿದೆ.

"ತಪ್ಪು ಈ ಸಾಲಿನ್ಯಾಗ ಐತಿ ಅನಸ್ತದ. ಹೂಂ ಅನ್ನು, ಇಲ್ಲಾ ಉಹೂಂ ಅನ್ನು."

ನಾನು ಜಂತಿ ನೋಡಿದೆ. ಕೆಮ್ಮಿದೆ. ಅಕ್ಕ ನನ್ನ ಕಡೆ ತಿರುಗಿ, "ನೀ ಹೊರಗ ಹೋಗಿ ಕುಂದ್ರು," ಎಂದಳು.

"ಯಾಕ? ನಾ ಏನೂ ಹೇಳಲಿಲ್ಲಲ್ಲ."

"ನನಗ ಅಕ್ಷರ ಕಾಣಂಗಿಲ್ಲ ಖರೆ, ನಿನ್ನ ಮಾರಿ ಕಾಣ್ತದ. ಅದರಾಗ ಉತ್ತರ ಓದಿದ್ರ ನಾನೂ ನಿನ್ನಂಗ ಕೆಟ್ಟೆ."

ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಎಲ್ಲ ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಕೂರುವ ಹಿಂಸೆ ಶತ್ರುವಿಗೂ ಬೇಡ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ತಮ್ಮಾ, ಅಕ್ಷರ ನಿಂತ್ವೋ! ಬಾ, ಬಂದು ನೋಡು!"

ದಡಬಡಿಸಿ ಎದ್ದವನು ಹೊಸ್ತಿಲ ಬಳಿ ನಿಂತುಬಿಟ್ಟೆ.

"ಮೊದಲ ನೀ ಅದನ್ನ ಬರದು ಎಲ್ಲಾರಿಗೂ ಕಳಸು ಅಕ್ಕಾ," ಎಂದೆ. "ಆಮ್ಯಾಲ ಒಳಗ ಬರ್ತೇನಿ."