ಗಿರಣಿ ನಿಂತ ಮೇಲಿನ ಹಾಡು

ನಮ್ಮ ರಾಕ್ ಬ್ಯಾಂಡು ಅಷ್ಟು ಜೋರಾಗಿ ಬಾರಿಸುತ್ತಿದ್ದುದಕ್ಕೆ ಕಾರಣ ಸಿಟ್ಟೂ ಅಲ್ಲ, ಕ್ರಾಂತಿಯೂ ಅಲ್ಲ. ಬೈಲಹೊಂಗಲದಲ್ಲಿ ನನ್ನ ಸೋದರಮಾವನ ಹತ್ತಿ ಗಿರಣಿಯ ಗೋದಾಮಿನಲ್ಲಿ ನಾವು ತಾಲೀಮು ಮಾಡುತ್ತಿದ್ದೆವು. ಗೋಡೆಯಾಚೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ದಿನವಿಡೀ ಗುಡುಗುತ್ತಿತ್ತು. ಅದು ನಡೆಯುವಾಗಲೇ ಬಾರಿಸಬೇಕೆಂಬುದು ಮಾವನ ಕರಾರು. ಆಗ ಓಣಿಯವರಿಗೆ ನಮ್ಮ ಗದ್ದಲ ಬೇರೆಯಾಗಿ ಕೇಳುತ್ತಿರಲಿಲ್ಲ. ಯಂತ್ರವನ್ನು ಮೀರಿಸಲು ನಾನು ಡ್ರಮ್ ಬಡಿಯುತ್ತಿದ್ದೆ, ನನ್ನನ್ನು ಮೀರಿಸಲು ಕಿತ್ತೂರಿನವನೂ ಸವದತ್ತಿಯವನೂ ಗಿಟಾರಿನ ಸದ್ದು ಏರಿಸುತ್ತಿದ್ದರು, ಎಲ್ಲರನ್ನೂ ಮೀರಿಸಲು ರಾಮದುರ್ಗದ ಗೆಳೆಯ ಗಂಟಲು ಹರಿದುಕೊಂಡು ಹಾಡುತ್ತಿದ್ದ. ನಾಲ್ಕು ವರ್ಷ ಅವನ ಹಾಡಿನ ಒಂದು ಮಾತೂ ನನಗೆ ನೆಟ್ಟಗೆ ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಹೋದ ವರ್ಷ ಹತ್ತಿಯ ಹಂಗಾಮು ಮುಗಿದು ಯಂತ್ರ ನಿಂತಿತು. ಪ್ರತಿ ಬೇಸಿಗೆಯಲ್ಲೂ ಅದರ ಜೊತೆ ನಾವೂ ನಿಲ್ಲುತ್ತಿದ್ದೆವು. ಆ ಸಲ ರಾಮದುರ್ಗದ ಗೆಳೆಯ ಬಸ್ಸು ಹಿಡಿದು ಒಬ್ಬನೇ ಬಂದ. ಗೋದಾಮಿನಲ್ಲಿ ಕೂತು, ಎದುರಿಗಿದ್ದವರ ಜೊತೆ ಮಾತಾಡುವಷ್ಟೇ ದನಿಯಲ್ಲಿ ಒಂದು ಹೊಸ ಹಾಡು ಹೇಳಿದ. ಲಾರಿ ಓಡಿಸುತ್ತಿದ್ದ ಅವನ ಅಪ್ಪ ತೀರಿಕೊಂಡು ಆಗ ಎಂಟು ತಿಂಗಳು. ಹಾಡಿನಲ್ಲಿ ಸಾವಿನ ಮಾತಿರಲಿಲ್ಲ. ಮೊಳೆಗೆ ತೂಗುಹಾಕಿದ ಅಪ್ಪನ ಅಂಗಿ, ಅದರ ಜೇಬಿನಲ್ಲಿ ಉಳಿದ ಅಡಿಕೆ ಚೂರು, ಇಷ್ಟೇ.

ಹಾಡು ಚೆನ್ನಾಗಿತ್ತು. ನನಗೆ ಉರಿದದ್ದೇ ಅದಕ್ಕೆ.

"ಇದರಾಗ ನಾ ಎಲ್ಲಿ ಬಾರಸ್ಲಿ?" ಎಂದೆ.

"ಇದಕ್ಕ ಡ್ರಮ್ ಬ್ಯಾಡ ಅನಸ್ತದಲೇ," ಎಂದ.

"ಹಂಗಾದ್ರ ನಾನೂ ಬ್ಯಾಡ."

ಆಮೇಲೆ ಹಾಡು ಕೇಳಿದ ಉಳಿದಿಬ್ಬರೂ ಅವನ ಕಡೆ ಸೇರಿದರು. ಇನ್ನು ಮೇಲೆ ಇಂಥ ಮೆಲುದನಿಯ, ಮನೆಮಾತಿನ ಹಾಡುಗಳೇ ಎಂದು ತೀರ್ಮಾನಿಸಿ, ಆ ಹಾಡನ್ನು ರೆಕಾರ್ಡ್ ಮಾಡಿ ನನ್ನ ಫೋನಿಗೆ ಕಳಿಸಿದರು. ಲಾಲಿ ಹಾಡಲು ಹೊರಟಿದ್ದಾರೆ ಎಂದು ನಾನು ಊರೆಲ್ಲ ಆಡಿಕೊಂಡೆ. ಆದರೆ ದಿನಾ ಕೇಳಿದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಆ ಮೂವರನ್ನು ಬಿಟ್ಟರೆ ನನಗೆ ಗೆಳೆಯರಿರಲಿಲ್ಲ. ಜೋರಾಗಿ ಬಾರಿಸುವುದನ್ನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಹಾಗೆ ಕೇಳುತ್ತಿದ್ದಾಗ ಒಂದು ಮಧ್ಯಾಹ್ನ ರಾಮದುರ್ಗದ ಗೆಳೆಯನ ಮನೆ ನೆನಪಾಯಿತು. ಅಲ್ಲಿ ಎಷ್ಟೋ ಸಲ ಉಳಿದಿದ್ದೇನೆ. ಬೆಳಗಿನ ನಮಾಜಿನ ಹೊತ್ತಿಗೆ ಅವನ ಅಪ್ಪ ದೂರದ ಬಾಡಿಗೆ ಮುಗಿಸಿಕೊಂಡು ಬರುತ್ತಿದ್ದರು. ಮಕ್ಕಳು ಏಳಬಾರದೆಂದು ಬಾಗಿಲು ಬಡಿಯುತ್ತಿರಲಿಲ್ಲ. ಲಾರಿಯ ಕೀಲಿಯಿಂದ ಚೌಕಟ್ಟಿನ ಮೇಲೆ ಮೆಲ್ಲಗೆ ಎರಡು ಸಲ, ತುಸು ತಡೆದು ಮತ್ತೊಂದು ಸಲ ಕುಟ್ಟುತ್ತಿದ್ದರು. ಅಷ್ಟಕ್ಕೇ ಒಳಗೆ ಅವನ ತಾಯಿಯ ಬಳೆ ಸದ್ದಾಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ನನ್ನ ಪಕ್ಕದಲ್ಲಿ ಗೆಳೆಯ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಅವನಿಗೆ ಅದು ಯಾವತ್ತೂ ಕೇಳಿಸಿರಲಿಕ್ಕಿಲ್ಲ.

ಹೊಸ ಹಾಡುಗಳ ಮೊದಲ ಕಾರ್ಯಕ್ರಮ ಸವದತ್ತಿಯ ಒಂದು ಚಿಕ್ಕ ಸಭಾಂಗಣದಲ್ಲಿತ್ತು. ಒಂದೇ ಒಂದು ಡ್ರಮ್ ಬಗಲಲ್ಲಿಟ್ಟುಕೊಂಡು, ಯಾರೂ ಕರೆಯದೆಯೇ ಹೋದೆ.

"ಒಂದ ಜಾಗಾದಾಗ ಬಾರಸ್ತೇನಿ. ಸೇರಲಿಲ್ಲಂದ್ರ ಎದ್ದ ಹೋಗತೇನಿ," ಎಂದೆ.

"ಮೊದ್ಲ ಕುಂದ್ರಪಾ," ಎಂದ ರಾಮದುರ್ಗದ ಗೆಳೆಯ.

ಅಂಗಿಯ ಸಾಲು ಮುಗಿದು ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಕೋಲಿನ ತುದಿಯಿಂದ ಡ್ರಮ್ಮಿನ ಅಂಚಿನ ಮೇಲೆ ಮೆಲ್ಲಗೆ ಎರಡು ಸಲ ಕುಟ್ಟಿದೆ. ತುಸು ತಡೆದು, ಮತ್ತೊಂದು ಸಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ತಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದರು. ಬಾಗಿಲ ಕಡೆ ಎರಡು ಹೆಜ್ಜೆ ನಡೆದರು. ಆಮೇಲೆ ತಾವೆಲ್ಲಿದ್ದೇವೆಂಬುದು ನೆನಪಾಗಿ ನಿಂತುಬಿಟ್ಟರು.

ನನ್ನ ಕೈ ನಿಂತಿತು, ಗೆಳೆಯನ ಹಾಡೂ ನಿಂತಿತು. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಾಯಿ ತಿರುಗಿ ಬಂದು ಕುರ್ಚಿಯಲ್ಲಿ ಕೂತು, ಮಗನನ್ನಲ್ಲ, ನನ್ನನ್ನು ನೋಡಿದರು.

"ಇನ್ನೊಮ್ಮೆ ಬಾರಸಪಾ," ಎಂದರು.