ತೂಂಗು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹನೂರಿನ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಯಜಮಾನರಿಗೆ ಕೊಳ್ಳೇಗಾಲದ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಬೆಳಗಿನ ಬಸ್ಸಿಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮಗಳಿಗೆ ಆಗ ಒಂದೂವರೆ ವರ್ಷ. ಮೈಸೂರಿನಿಂದ ಅತ್ತೆಯವರು ‘ಕೆಲಸ ಬಿಟ್ಟು ಮಗು ನೋಡಿಕೋ’ ಎಂದು ಕಾಗದದ ಮೇಲೆ ಕಾಗದ ಬರೆಯುತ್ತಿದ್ದರು. ನಾನು ಹಟಮಾರಿ, ಬಿಡಲಿಲ್ಲ.

ಮಗುವನ್ನು ನೋಡಿಕೊಳ್ಳಲು ಹಿಂದಿನ ಬೀದಿಯ ಒಬ್ಬ ಮುದುಕಿ ಬರುತ್ತಿದ್ದಳು. ತಮಿಳುಸೀಮೆ ಕಡೆಯ ಬೆಟ್ಟದೂರಿನವಳು, ಮಾತು ಕಲಬೆರಕೆ. ನನ್ನ ತೋಳಲ್ಲಿ ಒದ್ದಾಡಿ ರಂಪ ಮಾಡುತ್ತಿದ್ದ ಮಗು ಅವಳ ಮಡಿಲಲ್ಲಿ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಜೊತೆಯ ಉಪಾಧ್ಯಾಯಿನಿಯೊಬ್ಬರು ಅದಕ್ಕೆ ಗಾಳಿ ಹಾಕಿದರು: “ಗಸಗಸೆ ಕಾಯಿ ಬೇಯ್ಸಿ ಕುಡಿಸ್ತಾರಂತೆ ಕಣ್ರಿ, ಇಲ್ದಿದ್ರೆ ಅಂಗೆ ಮಲಗ್ತವಾ?”

ಒಂದು ಶನಿವಾರ ಮಧ್ಯಾಹ್ನ ಬೇಗ ಮನೆಗೆ ಬಂದೆ. ಮಗು ಅವಳ ಮಡಿಲಲ್ಲಿತ್ತು. ಎತ್ತಿಕೊಂಡರೆ ಕತ್ತು ಜೋತುಬಿತ್ತು, ಎಚ್ಚರವಾಗಲಿಲ್ಲ. ಪಕ್ಕದಲ್ಲಿ ಗಂಜಿಯ ಬಟ್ಟಲು. ನಾನು ಅದನ್ನೆತ್ತಿ ಅವಳ ಎದುರಿಗೇ ಮೂಸಿದೆ. ರಾಗಿ ವಾಸನೆಯಷ್ಟೇ ಬಂತು. ಅಷ್ಟಕ್ಕೆ ಸುಮ್ಮನಿರಬಾರದೇ? ಅವಳ ಕೈ ಹಿಡಿದು ಬೆರಳುಗಳನ್ನೂ ಮೂಸಿದೆ.

“ನಾನೇನೂ ಕುಡ್ಸಿಲ್ಲ ಕಣವ್ವಾ,” ಎಂದಳು. “ಮಡ್ಲಲ್ಲಿ ಆಕಂಡು ತಟ್ಟುದ್ರೆ ಸಾಕು, ಮನಿಕತದ.”

ಸೋಮವಾರ ಅವಳು ಬರಲಿಲ್ಲ. ಹೋಗಿ ಕರೆಯಲು ನನಗೆ ಮುಖವಿರಲಿಲ್ಲ. ಜಂಬವೂ ಅಡ್ಡ ಬಂತು.

ಮಗುವನ್ನು ಶಾಲೆಗೇ ಕರೆದುಕೊಂಡು ಹೋಗತೊಡಗಿದೆ. ಜಗಲಿಯ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿದೆ. ಮೂರನೆಯ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿದ್ದರೆ ಜೋಲಿಯೊಳಗಿಂದ ಅದರ ಅಳು. “ತೂಂಗು, ತೂಂಗು.” ಮಗುವಿನ ಬಾಯಲ್ಲಿ ಮಾತು ತೊದಲಿದೆ, ‘ತೂಗು’ ಎನ್ನುತ್ತಿದೆ ಎಂದುಕೊಂಡು ನಾನು ತೂಗಿದೆ. ತೂಗಿದಷ್ಟೂ ಅಳು ಜೋರಾಯಿತು. “ತೂಗ್ತಾನೇ ಇದೀನಲ್ಲೇ, ಇನ್ನೆಷ್ಟು ತೂಗ್ಲಿ?” ಎಂದು ರೇಗಿದೆ. ಹತ್ತು ದಿನ ಹೀಗೇ ನಡೆಯಿತು. ಮಗುವಿನ ಕಣ್ಣ ಕೆಳಗೆ ಕಪ್ಪುಗಟ್ಟಿತು. ಹೆಡ್‌ಮಾಸ್ತರು ನನ್ನನ್ನು ಕರೆದು, “ಪಾಠವೋ ಮಗುವೋ, ನೀವೇ ತೀರ್ಮಾನ ಮಾಡಿ, ಈ ವಾರದೊಳಗೆ,” ಎಂದರು. ಆ ಮಧ್ಯಾಹ್ನ ಮಗುವಿನ ತೊಡೆಯ ಮೇಲೆ ಹೊಡೆದೆ. ನನ್ನ ನಾಲ್ಕು ಬೆರಳೂ ಮೂಡಿದವು. ಬಿಕ್ಕುತ್ತಲೇ ಅದು ಮತ್ತೆ ‘ತೂಂಗು’ ಎಂದಿತು. 

ಅಂದು ಸಂಜೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಸಂತೆಮಾಳದ ಹತ್ತಿರ ಬರುತ್ತಿದ್ದೆ. ಯಾರದೋ ಜಗಲಿಯಲ್ಲಿ ಆ ಮುದುಕಿ ಹುರುಳಿ ಕೇರುತ್ತಿದ್ದಳು. ಮಗು ಸೊಂಟದಿಂದ ಜಿಗಿಯುವಂತೆ ಎರಡೂ ಕೈ ಚಾಚಿ ಕೂಗಿತು: “ತೂಂಗೂ!”

ನಾನು ನಿಂತಲ್ಲೇ ನಿಂತೆ. “ಏನು ಹಾಗಂದ್ರೆ?” ಎಂದೆ.

ಅವಳು ಮೊರ ಕೆಳಗಿಟ್ಟಳು. “ನಮ್ ತಮಿಳ್ನಲ್ಲಿ ಮನಿಕೊ ಅಂತ ಕಣವ್ವಾ. ಮನಗ್ಸುವಾಗ ಅದ್ನೇ ಅಂತಿದ್ನಲ್ಲ, ಕೂಸು ಅದ್ನೇ ನನ್ನೆಸ್ರು ಅನ್ಕಬುಟ್ಟದ.”

ಹತ್ತು ದಿನ ಮಗು ಜೋಲಿಯಿಂದ ಕೂಗಿ ಕರೆದದ್ದು ಇವಳನ್ನು. ನಾನು ಜೋಲಿ ತೂಗುತ್ತಿದ್ದೆ.

ಮಗುವನ್ನು ಅವಳತ್ತ ನೀಡಿದೆ. ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಮೂಗಿನ ಹತ್ತಿರ ಹಿಡಿದಳು.

“ಮದ್ಲು ಮೂಸವ್ವಾ. ಆಮೇಲೆ ಎತ್ಗತೀನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ತಲೆ ತಗ್ಗಿಸಿ, ಬೇಡವೆಂದೆ. ಆಮೇಲೆಯೇ ಅವಳು ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಮೊರದ ಹುರುಳಿಯ ಮೇಲೆ ಗುಬ್ಬಿ ಕೂತು ಏಳುವಷ್ಟರಲ್ಲಿ ಮಗು ನಿದ್ದೆಹೋಗಿತ್ತು. ತೊಡೆಯ ಮೇಲಿನ ಬೆರಳ ಗುರುತನ್ನು ಅವಳು ಕಂಡಳು, ಅದರ ಮೇಲೆ ಸೆರಗು ಎಳೆದಳು.

“ನಾಳೆಯಿಂದ ಬರ್ತೀಯಾ?” ಎಂದೆ.

ಅವಳು ಮಲಗಿದ ಮಗುವನ್ನು ಜೋಪಾನವಾಗಿ ನನ್ನ ತೋಳಿಗೆ ಇಳಿಸಿದಳು. “ನೀನೇ ಅನ್ನವ್ವಾ, ತೂಂಗು ಅಂತ. ಮನಿಕತದ,” ಎಂದು ಮೊರ ಎತ್ತಿಕೊಂಡಳು.

ಮನೆಗೆ ಬಂದು, ಎಚ್ಚರಗೊಂಡ ಮಗುವಿಗೆ ಹಾಗೆಂದೆ. ಅದು ನನ್ನ ಮುಖ ನೋಡಲಿಲ್ಲ, ತಿರುಗಿ ಬಾಗಿಲ ಕಡೆ ನೋಡಿತು.