ಕೊಡ್ಲಿ ಕೆರೆಯ ದಾರದ ಮೀನು

ಕೊಡ್ಲಿಯ ಗುರುಲಿಂಗಯ್ಯನವರು ನಿವೃತ್ತರಾದ ಮೇಲೆ ತಾವೂ ವಿಶ್ರಾಂತಿ ತಗೊಳ್ಳಲಿಲ್ಲ, ಊರಿಗೂ ಕೊಡಲಿಲ್ಲ. ಶಹಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವರು. ಕರಿಹಲಗೆ ಅಲ್ಲೇ ಉಳಿದರೂ ತೋರುಬೆರಳು ಮಾತ್ರ ಇಂದಿಗೂ ಇಳಿದಿಲ್ಲ. ಚಹಾ ಯಾಕೆ ಕುದಿಯುತ್ತದೆ ಎಂಬುದನ್ನು ಚಹಾದಂಗಡಿಯವನಿಗೇ ವಿವರಿಸುತ್ತಾರೆ. ಸೇಡಂನಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಡ್ರೈವರನಿಗೆ ಬ್ರೇಕಿನ ತತ್ವ ಹೇಳಲು ಹೋಗಿ ಮಳಖೇಡದಲ್ಲೇ ಇಳಿಯಬೇಕಾಯಿತು. ಕೇಳಿದರೆ, ಕೋಟೆ ನೋಡಲು ತಾವಾಗಿಯೇ ಇಳಿದದ್ದು ಎನ್ನುತ್ತಾರೆ.

ಇಂಥವರ ಕೈಗೆ ಊರಿನ ಕೆರೆ ಸಿಕ್ಕಿತು.

ಆ ಕೆರೆಯಲ್ಲಿ ಬಲೆ ಹಾಕಿ ಬದುಕುವವರು ಉಮಾದೇವಿ ಮತ್ತು ಆಕೆಯ ಗಂಡ ಸೂಗಪ್ಪ. ಹೋದ ಬೇಸಿಗೆಯಲ್ಲಿ ಕೆರೆ ಎಮ್ಮೆ ಹೊರಳುವಷ್ಟು ಗುಂಡಿಯಾಗಿ ಉಳಿದಿತ್ತು. ಆಮೇಲೆ ನೀರು ಬಂತು, ಮೀನು ಬರಲಿಲ್ಲ. ಬಲೆ ಎಳೆದರೆ ಪಾಚಿ, ಇಲ್ಲವೇ ಯಾರದೋ ಒಂಟಿ ಚಪ್ಪಲಿ. ಸರ್ಕಾರ ಈ ಮಳೆಗಾಲಕ್ಕೆ ಪುಕ್ಕಟೆ ಮೀನಮರಿ ಬಿಡುವುದಿತ್ತು, ಆದರೆ ಮೀನು ಕಡಿಮೆ ಇರುವ ಕೆರೆಗಳಿಗೆ ಮಾತ್ರ. ಎಷ್ಟಿವೆ, ಹೇಗಿವೆ ಎಂದು ಪಂಚಾಯಿತಿ ತಿಳಿಸಬೇಕು. ಮರಿ ಬಂದರೆ ಉಮಾದೇವಿಯ ಸಂಸಾರ ಊರಲ್ಲೇ ನಿಲ್ಲುತ್ತದೆ. ಬರದಿದ್ದರೆ ಗಂಡ ಹೆಂಡತಿ ವಾಡಿ ಕಡೆ ಕಲ್ಲಿನ ಗಣಿಗೆ ಗಂಟು ಕಟ್ಟಬೇಕು.

"ಮೀನ ಇಲ್ಲ ಅಂತ ಹೇಳಿ ಕಳಿಸ್ರಿ, ಮುಗೀತು," ಎಂದಳು ಉಮಾದೇವಿ.

"ಹಂಗ ಬಾಯಿಮಾತಿಗೆ ಹೇಳಾಕ ಬರಂಗಿಲ್ಲವಾ. ವೈಜ್ಞಾನಿಕ ಆಗಬೇಕು," ಎಂದು ಗುರುಲಿಂಗಯ್ಯನವರು ಕೊಡೆ ಹಿಡಿದು ಎದ್ದೇ ಬಿಟ್ಟರು. ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಅದರ ವಾಸನೆ ಬಂದರೆ ಓಣಿಯನ್ನೇ ಬದಲಿಸುವವರು. ಇದಕ್ಕಿಂತ ನಿಷ್ಪಕ್ಷಪಾತಿ ಎಲ್ಲಿ ಸಿಕ್ಕಾನು ಎಂದು ಪಂಚಾಯಿತಿಯೂ ಒಪ್ಪಿತು.

ಅವರ ವಿಧಾನ ತಪ್ಪೇನಲ್ಲ. ತೊಗರಿಯ ಚೀಲಕ್ಕೆ ಬಣ್ಣ ಹಚ್ಚಿದ ಒಂದು ಮುಷ್ಟಿ ತೊಗರಿ ಹಾಕಿ ಕಲಸಬೇಕು. ಆಮೇಲೆ ಮತ್ತೊಂದು ಮುಷ್ಟಿ ತೆಗೆದಾಗ ಅದರಲ್ಲಿ ಬಣ್ಣದ ಕಾಳು ಹೆಚ್ಚಿದ್ದರೆ ಚೀಲ ಸಣ್ಣದು, ವಿರಳವಾಗಿದ್ದರೆ ದೊಡ್ಡದು. ಹಾಗೆಯೇ ಕೆಲವು ಮೀನು ಹಿಡಿದು, ಗುರುತು ಮಾಡಿ ಬಿಟ್ಟು, ಮುಂದಿನ ವಾರ ಮತ್ತೆ ಬಲೆ ಹಾಕಿ ಗುರುತಿನವು ಎಷ್ಟು ಎಂದು ನೋಡುವುದು.

ಗುರುತಿಗೆ ಏನು? ಪೇಟೆಯಿಂದ ತರಿಸಿದರೆ ಖರ್ಚು. ಅಯ್ಯನವರ ದೇವರ ಜಗಲಿಯ ಮೇಲೆ ಅವರ ತಂದೆಯ ಕಾಲದ ಕೆಂಪು ದಾರದ ಉಂಡೆಯಿತ್ತು. ಮಕ್ಕಳಿಗೆ ಜ್ವರ ಬಂದರೆ, ಎಮ್ಮೆ ಹಾಲು ಬತ್ತಿಸಿದರೆ, ಊರವರು ಈ ಮನೆಯ ಅಯ್ಯಾರ ಕೈಯಿಂದ ಕಟ್ಟಿಸಿಕೊಳ್ಳುತ್ತಿದ್ದ ದಾರ ಅದು. ಅದನ್ನೇ ತಂದರು.

ಉಮಾದೇವಿ ಒಂದೊಂದೇ ಮೀನು ಹಿಡಿದು ನಿಂತಳು. ಅಯ್ಯನವರು ಎರಡೂ ಕೈಗೆ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕಣ್ಣು ಅರ್ಧ ಮುಚ್ಚಿ, ಬಾಲದ ಬುಡಕ್ಕೆ ದಾರ ಕಟ್ಟಿದರು. ಎಣಿಕೆ ತಪ್ಪಬಾರದೆಂದು ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದರು. ದಂಡೆಯ ಮೇಲೆ ನಿಂತ ಮಂದಿಗೆ ಅದು ಮಂತ್ರವಾಗಿ ಕಂಡಿತು. ಒಬ್ಬಾಕೆ ತಲೆಯ ಮೇಲೆ ಸೆರಗನ್ನೂ ಎಳೆದುಕೊಂಡಳು. ಜನ ಕೈ ಮುಗಿಯುವುದನ್ನು ಕಂಡ ಗುರುಲಿಂಗಯ್ಯನವರು ವಿಜ್ಞಾನಕ್ಕೆ ಕೊನೆಗೂ ಕಾಲ ಬಂತೆಂದು ಬೀಗಿದರು.

ಮುಂದಿನ ವಾರ ಬಲೆ ಎಳೆದಾಗ ಅಯ್ಯನವರು ವಾಸನೆಗೆ ಬೆನ್ನು ಹಾಕಿ, ಮೂಗಿಗೆ ಟವೆಲ್ ಕಟ್ಟಿ, ಕೊಡೆಯಡಿ ಕುಳಿತಿದ್ದರು.

"ದಾರದವು ಎಷ್ಟು?"

"ಬುಟ್ಟ್ಯಾಗ ಒಂದೂ ಇಲ್ರಿ," ಎಂದ ಸೂಗಪ್ಪ.

ಒಂದೂ ಇಲ್ಲ! ಅಂದರೆ ಚೀಲಕ್ಕೆ ತಳವೇ ಇಲ್ಲ. ಕೆರೆಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಮೀನುಗಳಿವೆ, ಅವುಗಳ ಆರೋಗ್ಯ ಅತ್ಯುತ್ತಮ, ಮರಿಯ ಅಗತ್ಯವಿಲ್ಲ ಎಂದು ವರದಿ ಹೋಯಿತು. ಮೀನಿನ ಮುಖವನ್ನೇ ನೋಡದೆ ಆರೋಗ್ಯ ಹೇಳಿದ ಮೊದಲ ವೈದ್ಯರು ಇವರೇ ಇರಬೇಕು. ಈ ಲೆಕ್ಕಕ್ಕಾಗಿ ಚಿಮ್ಮನಚೋಡದ ಒಂದು ಸಮಾರಂಭದಲ್ಲಿ ಶಾಲನ್ನೂ ಹೊದಿಸಿಕೊಂಡು ಬಂದರು.

ಉಮಾದೇವಿ ಮನೆ ಬಾಗಿಲಿಗೇ ಬಂದಳು. "ಅಯ್ಯಾರ, ನಮ್ಮ ಬಲಿಗಿ ಬೀಳಲಾರದ ಮೀನ ನಿಮ್ಮ ಲೆಕ್ಕಕ್ಕ ಹ್ಯಾಂಗ ಬಿದ್ದಾವರಿ?"

"ನಿನಗ ತಿಳಿಯಂಗಿಲ್ಲ ತಂಗಿ. ಗಣಿತ ಅದು."

"ಗಣಿತ ಸಾರಿಗಿ ಹಾಕಾಕ ಬರ್ತದೇನ್ರಿ?"

ವರದಿ ಓದಿದ ಮೀನುಗಾರಿಕೆ ಅಧಿಕಾರಿ ಸಂಘಮಿತ್ರಾ ಮೇಡಂಗೂ ಅನುಮಾನ ಬಂತು. ಅಷ್ಟು ಮೀನಿದ್ದರೆ ಆ ಕೆರೆಯಲ್ಲಿ ಜಾಗ ಸಾಲದೆ ಅವು ನಿಂತುಕೊಂಡೇ ಇರಬೇಕು. ಆಕೆ ಕೊಡ್ಲಿಗೇ ಬಂದು ಕಣ್ಣೆದುರು ಬಲೆ ಎಳೆಸಿದರು. ಬಿದ್ದದ್ದು ನಾಲ್ಕೈದು ಮೀನು. ಸೂಗಪ್ಪ ಅದರಲ್ಲಿ ಒಂದನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಮೆಲ್ಲಗೆ ನೀರಿಗೆ ಬಿಟ್ಟ. ಮತ್ತೊಂದನ್ನೂ ಹಾಗೆಯೇ.

"ಯಾಕ್ರೀ ಬಿಡ್ಲಿಕತ್ತೀರಿ?"

"ಅಯ್ಯಾರು ಮಂತ್ರ ಹಾಕಿ ದಾರ ಕಟ್ಯಾರ್ರಿ. ದೇವರ ಹೆಸರಿಗಿ ಬಿಟ್ಟ ಮೀನ ಹಿಡದು ಯಾವ ಬಾಯಿಲೆ ತಿನ್ನಾದು?"

"ಆವತ್ತೂ ಹಿಂಗೇ ಬಿಟ್ಟಿದ್ರೇನು?"

"ಬಿಡದ ಏನ್ ಮಾಡಾದ್ರಿ? ಬಿದ್ದವು ಭಾಳ ಮಟ್ಟಿಗಿ ದಾರದವೇ ಇದ್ದವು. ಉಳದಿದ್ದು ಬುಟ್ಟಿ ತಳಕ್ಕೂ ಸಾಲಲಿಲ್ಲ."

ಉಮಾದೇವಿ ತಲೆ ಮೇಲೆ ಕೈ ಹೊತ್ತು ಗಂಡನನ್ನು ನೋಡಿದಳು. "ಹಂಗಾರ ನಮ್ಮ ಮರಿಗಿ ನಾವೇ ಕಲ್ಲ ಹಾಕ್ಕೊಂಡೀವಲ್ಲೋ!"

ಮೇಡಂ ದಂಡೆಯ ಮೇಲೆ ಕುಳಿತಿದ್ದ ಗುರುಲಿಂಗಯ್ಯನವರ ಕಡೆ ತಿರುಗಿದರು. ಅವರು ಟವೆಲ್ ಸರಿಮಾಡಿಕೊಂಡು, "ಜನರ ಮೌಢ್ಯವನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರ ಇನ್ನೂ ಬಂದಿಲ್ಲ," ಎಂದರು. ದಾರ ಯಾರ ಮನೆಯದು ಎಂದು ಕೇಳುವ ಅಸೌಜನ್ಯವನ್ನು ಮೇಡಂ ತೋರಲಿಲ್ಲ. ಹೊಸ ಅಂದಾಜು ಬರೆದುಕೊಂಡು ಹೋದರು.

ಮಳೆ ಬಿದ್ದ ಮೇಲೆ ಮೀನಮರಿಯ ಗಾಡಿ ಬಂತು. ಬೆರಳುದ್ದದ ಮರಿಗಳು. ಗುರುಲಿಂಗಯ್ಯನವರು ಎಲ್ಲರಿಗಿಂತ ಮೊದಲೇ ದಂಡೆಯಲ್ಲಿದ್ದರು, ಕೈಯಲ್ಲಿ ಅದೇ ದಾರದ ಉಂಡೆ.

"ಈ ಸಲ ಸಣ್ಣವಿದ್ದಾಗಲೇ ಗುರುತು ಮಾಡೋಣವಾ."

ಉಮಾದೇವಿ ಉಂಡೆಯನ್ನು ಅವರ ಕೈಯಿಂದ ತಗೊಂಡಳು. "ಇದು ಇನ್ನಾ ಯಾರಿಗೂ ಕಟ್ಟಿಲ್ಲಲ್ರಿ? ಹಂಗಾರ ಬರೀ ದಾರ. ಕುಂದ್ರಿ ಅಯ್ಯಾರ, ನಮ್ಮ ಬಲಿ ಹರದದ."

ಆಕೆ ಬಲೆ ಹೊಲಿಯತೊಡಗಿದಳು. ಗುರುಲಿಂಗಯ್ಯನವರು ಕುಳಿತರು, ಕುಳಿತು, ಗಂಟು ಹೇಗೆ ಹಾಕಬೇಕೆಂದು ಆಕೆಗೆ ವಿವರಿಸತೊಡಗಿದರು.